ಕುವೆಂಪುನಗರದ ಹಳೇ ಮನೆ ಮಾರೋಕೆ ರೆಡಿ ಮಾಡಿಕೊಟ್ಟ ಮೇಸ್ತ್ರಿ: ಐದಕ್ಕೆ ನಾಲ್ಕೂವರೆ

ಅಪ್ಪ 1988ರಲ್ಲಿ ಕಟ್ಟಿಸಿದ ಮೈಸೂರಿನ ಮನೆ. ಮೂವತ್ತು ನಲವತ್ತರ ಸೈಟು, ಹಾಲಿಗೆ ಕೆಂಪು ನೆಲ, ಸುತ್ತ ಕಪ್ಪು ಅಂಚು. ಅಮ್ಮ ನಮ್ಮ ಜೊತೆ ಬೆಂಗಳೂರಿಗೆ ಬಂದು ಎರಡು ವರ್ಷವಾಯ್ತು, ಮನೆ ಬೀಗ ಹಾಕಿಕೊಂಡೇ ಇತ್ತು. ಮಾರೋದು ಅಂತ ತೀರ್ಮಾನವಾದಾಗ ಕೈಯಲ್ಲಿ ಖರ್ಚಿಗೆ ಇದ್ದದ್ದು 50,000 ರೂಪಾಯಿ.

ಮೊದಲು ಕರೆಸಿದ್ದು ಒಂದು ಇಂಟೀರಿಯರ್ ಕಂಪನಿಯವರನ್ನು. ಹಾಲಿಗೆ ಫಾಲ್ಸ್ ಸೀಲಿಂಗ್, ಒಂದು ಗೋಡೆಗೆ ವಾಲ್‌ಪೇಪರ್, ಒಂದು ತಿಂಗಳಿಗೆ ಬಾಡಿಗೆ ಸೋಫಾ, ಎಲ್ಲ ಸೇರಿ 1,85,000 ಅಂದರು. ಬ್ರೋಕರ್ ಹೇಳಿದ್ದು ಬೇರೆ: "ಕೆಂಪು ನೆಲ ನೋಡಿದ ತಕ್ಷಣ ಹಳೇ ಮನೆ ಅಂತ ರೇಟ್ ಇಳಿಸ್ತಾರೆ ಮೇಡಂ, ಮೇಲೆ ಟೈಲ್ಸ್ ಹಾಕಿಸಿಬಿಡಿ." ಇಬ್ಬರಿಗೂ ಬೇಡ ಅಂದೆ. ಆ ದುಡ್ಡೂ ಇರಲಿಲ್ಲ, ಆ ನೆಲ ಮುಚ್ಚೋಕೆ ಮನಸ್ಸೂ ಇರಲಿಲ್ಲ.

ಆಮೇಲೆ ಒಂದು ಡೀಪ್ ಕ್ಲೀನಿಂಗ್ ಸರ್ವಿಸ್‌ನವರನ್ನು 6,500ಕ್ಕೆ ಗೊತ್ತು ಮಾಡಿದೆ. ಅಡುಗೆಮನೆ, ಫ್ಯಾನು, ಕಿಟಕಿ ಸರಳುಗಳನ್ನು ಚೆನ್ನಾಗಿಯೇ ತೊಳೆದರು, ಅದನ್ನು ಹೇಳಲೇಬೇಕು. ಆದರೆ ನಾನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಹಾಲಿನ ನೆಲಕ್ಕೆ ಬಾತ್‌ರೂಮ್ ಆಸಿಡ್ ಸುರಿದು ಉಜ್ಜಿದ್ದರು. ಕೆಂಪು ನೆಲ ಅಂದರೆ ಸಿಮೆಂಟು ನೆಲ. ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ. ಮೂವತ್ತೈದು ವರ್ಷ ಅಮ್ಮ ಒರೆಸಿ ಒರೆಸಿ ಬಂದಿದ್ದ ಹೊಳಪು ಒಂದು ಗಂಟೆಯಲ್ಲಿ ಹೋಗಿತ್ತು. ಬಾಗಿಲ ಹತ್ತಿರ ಬಕೆಟ್ ಇಟ್ಟ ಜಾಗದಲ್ಲಿ ದುಂಡಗೆ ಒಂದು ಬಿಳಿ ಕಲೆ. "ಯಾವ ನೆಲ ಅಂತ ನೀವು ಮೊದಲೇ ಹೇಳಬೇಕಿತ್ತು" ಅಂದರು. ಸಾರಿ ಅಂತ ಮೆಸೇಜ್ ಬಂತು, ದುಡ್ಡು ವಾಪಸ್ ಬರಲಿಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳೋಕೆ ನನಗೆ ಬಾಯೇ ಬರಲಿಲ್ಲ.

ಹತ್ತಿರದ ಹಾರ್ಡ್‌ವೇರ್ ಅಂಗಡಿಯವರು ಕಳಿಸಿದ್ದು ಈ ಮೇಸ್ತ್ರಿಯನ್ನು. ಅರವತ್ತರ ಹತ್ತಿರದ ವಯಸ್ಸು, ಜೊತೆಗೆ ಇಬ್ಬರು ಹುಡುಗರು. ಪೇಂಟಿಂಗೂ ಮಾಡ್ತಾರೆ, ಹಳೇ ನೆಲದ ಕೆಲಸವೂ ಗೊತ್ತು. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಕೆಲಸ ಕಡಿಮೆ, ಅದಕ್ಕೇ ತಕ್ಷಣ ಸಿಕ್ಕಿದರು, ಕೂಲಿಯಲ್ಲೂ ಸ್ವಲ್ಪ ಬಿಟ್ಟರು.

ಬಂದ ದಿನ ಬಣ್ಣದ ಮಾತೇ ಎತ್ತಲಿಲ್ಲ. ರೂಮಿನ ಹಿಂಗೋಡೆಯಲ್ಲಿ ಪೇಂಟ್ ಉಬ್ಬಿ, ಉಪ್ಪು ಬಿಳಿಯಾಗಿ ಒಡೆದಿತ್ತು. ಅದರ ಮೇಲೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿದರು. ಮಾರನೇ ದಿನ ಬಿಚ್ಚಿದಾಗ ಹಾಳೆಯ ಒಳಮೈಯಲ್ಲಿ ಸಣ್ಣ ಸಣ್ಣ ನೀರಿನ ಹನಿ. "ಗೋಡೆ ಇನ್ನೂ ಕುಡೀತಾ ಇದೆ ಅಮ್ಮಾ. ಈಗ ಪುಟ್ಟಿ ಹಾಕಿದ್ರೆ ನೀವು ಮನೆ ತೋರಿಸೋ ಹೊತ್ತಿಗೆ ಮತ್ತೆ ಉಬ್ಬುತ್ತೆ." ತಾರಸಿ ಹತ್ತಿ ನೋಡಿದರೆ ಮಳೆನೀರಿನ ಪೈಪಿನ ಜಾಯಿಂಟ್ ಬಿಟ್ಟಿತ್ತು. ಪೈಪು, ತಾರಸಿ ಅಂಚಿನ ಗಾರೆ ಸೇರಿ ರಿಪೇರಿಗೆ 2,200. ಒಡೆದ ಗಾರೆ ಕೆರೆದು ತೆಗೆದು, ಫ್ಯಾನ್ ಹಾಕಿ ಒಣಗಲು ಬಿಟ್ಟು, ಹಾಳೆಯಲ್ಲಿ ಹನಿ ಕಾಣದ ಮೇಲೇ ಆ ಗೋಡೆಗೆ ಬ್ರಷ್ ಮುಟ್ಟಿಸಿದರು. ಮನೆ ಮಾರೋ ಅವಸರದಲ್ಲಿ ನಮ್ಮಲ್ಲಿ ಎಷ್ಟು ಜನ ತೇವದ ಮೇಲೆ ಬಣ್ಣ ಬಳಿದು ಕೈ ತೊಳೆದುಕೊಳ್ತಾರೆ! ಕೊಂಡವರ ಮೊದಲ ಮಳೆಗಾಲದಲ್ಲಿ ಅದು ಹೊರಗೆ ಬಂದೇ ಬರುತ್ತದೆ.

ಗೋಡೆ ಒಣಗುವ ಹೊತ್ತಿಗೆ ನೆಲ ಹಿಡಿದರು. ಎರಡು ದಿನ ಬರೀ ನೀರು, ಸೀಗೆಪುಡಿಯಲ್ಲಿ ತೊಳೆದದ್ದೇ. ಬಿರುಕು ತುಂಬೋಕೆ ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಕಲಸಿದರು. ಆದರೆ ನೇರ ಬಿರುಕಿಗೆ ಹಾಕಲಿಲ್ಲ. ಬೀರು ಇದ್ದ ಮೂಲೆಯಲ್ಲಿ, ಯಾರಿಗೂ ಕಾಣದ ಕಡೆ, ಮೂರು ಬೇರೆ ಬೇರೆ ಅಳತೆಯ ಬೊಟ್ಟು ಇಟ್ಟು ಒಣಗಿದ ಮೇಲೆ ನೋಡಿದರು. ಹಸಿಯಲ್ಲಿ ಮೂರೂ ಒಂದೇ ಬಣ್ಣ. ಒಣಗಿದಾಗ ಒಂದು ಇಟ್ಟಿಗೆ, ಒಂದು ಕುಂಕುಮ, ನಡುವಿನದು ಮಾತ್ರ ನಮ್ಮ ನೆಲ. ಆಮೇಲೆ ವಾಟರ್ ಪೇಪರ್‌ನಲ್ಲಿ, ಮೊದಲು ಒರಟು, ಆಮೇಲೆ ನಯ, ಕುಕ್ಕರಗಾಲಲ್ಲಿ ಕೂತು ಅಂಗೈಯಷ್ಟು ಅಂಗೈಯಷ್ಟೇ ಉಜ್ಜಿದರು. ಕೊನೆಗೆ ಕೆಂಪು ಮೇಣದ ಪಾಲಿಶ್, ಹಳೇ ಪಂಚೆ ಬಟ್ಟೆ. ಹೊಸ್ತಿಲ ಮುಂದೆ ಅಮ್ಮ ಬಿಳಿ ಪೇಂಟಿನಲ್ಲಿ ಬರೆದ ರಂಗೋಲಿ ಎಳೆ ಇದೆ. ನಾನು ಹೇಳದಿದ್ದರೂ ಅದರ ಸುತ್ತ ಟೇಪ್ ಅಂಟಿಸಿ ಕೆಲಸ ಮಾಡಿದ್ದರು. ಬಕೆಟ್ಟಿನ ಕಲೆ ಪೂರ್ತಿ ಹೋಗಿಲ್ಲ. ಬೆಳಕು ಅಡ್ಡ ಬಿದ್ದಾಗ ತಿಳಿಯಾಗಿ ಕಾಣುತ್ತದೆ. ನೆಲಕ್ಕೆ ಕೂಲಿ, ಸಾಮಾನು ಸೇರಿ 9,500.

ಪೇಂಟಿಂಗ್ ಕೂಲಿ 16,500, ಪುಟ್ಟಿ, ಪ್ರೈಮರ್, ಎಮಲ್ಷನ್‌ಗೆ 11,800. ಎಲ್ಲ ರೂಮಿಗೂ ಒಂದೇ ತಿಳಿ ಕೆನೆಬಣ್ಣ. ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿಸಿದ್ದು 1,400, ಹತ್ತಿ ಪರದೆಗೆ 1,600. ಕ್ಲೀನಿಂಗೂ ಸೇರಿ ಒಟ್ಟು 49,500.

ದುಡ್ಡಿಲ್ಲದೆ ಆದ ಕೆಲಸವೇ ಕಣ್ಣಿಗೆ ಹೆಚ್ಚು ಕಂಡಿತು. ಹಾಲಿನ ಪೂರ್ವದ ಕಿಟಕಿಗೆ ಅಡ್ಡ ನಿಂತಿದ್ದ ಸ್ಟೀಲ್ ಬೀರು ತೆಗೆದದ್ದೇ ಬೆಳಗಿನ ಬಿಸಿಲು ನೆಲಕ್ಕೆ ಬಿತ್ತು. ಅಟ್ಟದ ಮೇಲಿನ ಪೇಪರ್ ಕಟ್ಟು, ತೂತು ಬಿದ್ದ ಹಂಡೆ ಎಲ್ಲ ಗುಜರಿಗೆ ಹೋಯಿತು. ಉಳಿಸಿದ್ದು ತೂಗುಮಣೆ, ಎರಡು ಬೆತ್ತದ ಕುರ್ಚಿ, ದೇವರ ಮನೆಯ ದೀಪ. ಖಾತೆ, ಇಸಿ (ಆಸ್ತಿ ಮೇಲೆ ಸಾಲ ಇದೆಯೇ ಅಂತ ತೋರಿಸೋ ಋಣಭಾರ ಪತ್ರ), ಕಂದಾಯದ ರಸೀದಿಗಳ ಜೆರಾಕ್ಸ್ ಒಂದು ಫೈಲಿನಲ್ಲಿ ಕಟ್ಟಿ ಮೇಜಿನ ಮೇಲಿಟ್ಟೆ. ಪೈಪ್ ರಿಪೇರಿಯ ಬಿಲ್ಲನ್ನೂ ಅದರಲ್ಲೇ ಸೇರಿಸಿದೆ, ಕೇಳಿದವರಿಗೆ ಸೋರಿಕೆ ಎಲ್ಲಿತ್ತು ಅಂತ ತೋರಿಸಿದೆ.

ಶ್ರಾವಣದಲ್ಲಿ ಏಳು ಮನೆಯವರು ನೋಡಿದರು. ಐದನೆಯವರ ಜೊತೆ ಬಂದಿದ್ದ ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಬಂದವರು ನೆಲದ ಮೇಲೆ ಅಂಗೈ ಇಟ್ಟು ನೋಡಿ, ಅಲ್ಲೇ ಕೂತುಬಿಟ್ಟರು. ಅಡ್ವಾನ್ಸ್ ಕೊಟ್ಟಿದ್ದು ಅವರೇ.

ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಸಮಯಕ್ಕೆ. ಒಂಬತ್ತು ದಿನ ಅಂದಿದ್ದು ಹದಿನೇಳು ದಿನ ಹಿಡಿಯಿತು. ಅದರಲ್ಲಿ ಗೋಡೆ ಒಣಗಲು ಕಾದದ್ದು ಸರಿಯೇ, ಆದರೆ ಎರಡು ದಿನ ಹೇಳದೆ ತಪ್ಪಿಸಿಕೊಂಡರು, ನಾನು ಬೆಂಗಳೂರಿಂದ ಬಂದು ಕಾದು ಕೂತಿದ್ದೆ. ಕೆಲಸ ಕೊಡುವವರು ಆಷಾಢ ಶುರುವಾಗುವ ಮೊದಲೇ ಮಾತಾಡಿ, ದಿನಗಳನ್ನು ಬರೆಸಿಕೊಳ್ಳಿ. ಆಷಾಢ ಶುಕ್ರವಾರ ಲೆಕ್ಕಕ್ಕೆ ಹಿಡಿಯಬೇಡಿ, ಅವತ್ತು ಮೂವರೂ ಚಾಮುಂಡಿಬೆಟ್ಟಕ್ಕೆ ಹೋಗಿರ್ತಾರೆ.