ಸಾಂಬ್ರಾದ ಹಳೇ ಫೋಟೋಗಳಿಗೆ ಎಪ್ಸನ್ ವಿ600: ಎಲ್ಲಿ ಸೈ, ಎಲ್ಲಿ ಸಾಲದು

ಬೆಳಗಾವಿಯ ಮನೆಗಳ ತಿಜೋರಿಯಲ್ಲಿ ಸಿಗುವ ಸಾಂಬ್ರಾ ವಿಮಾನ ನಿಲ್ದಾಣದ ಫೋಟೋಗಳಲ್ಲಿ ವಿಮಾನ ಕಮ್ಮಿ, ಹಾರ ಹಾಕಿಸಿಕೊಂಡು ನಿಂತ ಮಂದಿ ಜಾಸ್ತಿ. ಕಾರಣವೂ ಇದೆ. 1937ರ ವಿಮಾನ ನಿಯಮಗಳ ಪ್ರಕಾರ ಸರಕಾರಿ ನಿಲ್ದಾಣದಲ್ಲಿ ಅನುಮತಿಯಿಲ್ಲದೆ ಫೋಟೋ ತೆಗೆಯುವಂತಿರಲಿಲ್ಲ. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಸಾಂಬ್ರಾದಲ್ಲಂತೂ ಇಂದಿಗೂ ವಾಯುಪಡೆಯ ತರಬೇತಿ ಶಾಲೆ ಇದೆ. ಹಾಗಾಗಿ ಇತಿಹಾಸ ಉಳಿದಿರುವುದು ಹಾರದ ಹಿಂದೆ, ಮಸುಕಾಗಿ: ವಿಮಾನದ ಮೈಮೇಲಿನ ಅಕ್ಷರ, ಏಣಿ, ಕಟ್ಟಡದ ಬೋರ್ಡು. ಎಪ್ಸನ್ ವಿ600 ಸ್ಕ್ಯಾನರು ಈ ಮಸುಕನ್ನು ಎಷ್ಟು ಹಿಡಿಯುತ್ತದೆ ಎಂಬುದೇ ಇಲ್ಲಿ ಪರೀಕ್ಷೆ.

ಪ್ರಿಂಟುಗಳ ವಿಷಯದಲ್ಲಿ ವಿ600ಗೆ ಪೂರ್ತಿ ಅಂಕ. ಇದು ಸಿಸಿಡಿ ಸ್ಕ್ಯಾನರು, ಅಂದರೆ ಕನ್ನಡಿ ಮತ್ತು ಲೆನ್ಸಿನ ಮೂಲಕ ಚಿತ್ರ ಓದುವಂಥದ್ದು. ಗಾಜಿಗೆ ಒತ್ತದೆ ಸ್ವಲ್ಪ ಮೇಲೆದ್ದ ಫೋಟೋ ಕೂಡ ಸ್ಪಷ್ಟವಾಗಿ ಬರುತ್ತದೆ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ, ಗಾಜಿನ ಸಮೇತ ಇಡಿ. ಅಗ್ಗದ ಆಲ್-ಇನ್-ಒನ್ ಪ್ರಿಂಟರಿನಲ್ಲಿ ಇದು ಮಸುಕಾಗುತ್ತದೆ. ಸಾಧಾರಣ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು, ಅಂಗೈಯೊಳಗೆ ಅಡಗುವ ಚಿಕ್ಕದಕ್ಕೆ 1200. ಜೇನುಗೂಡಿನಂಥ ಉಬ್ಬುಕಾಗದದ ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಮೂಡುತ್ತವೆ. ಅಂಥದ್ದನ್ನು ತಲೆಕೆಳಗಾಗಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಬಹುಪಾಲು ಹೋಗುತ್ತವೆ.

ನೆಗೆಟಿವ್ ಇದ್ದರೆ ಪ್ರಿಂಟನ್ನು ಮುಟ್ಟುವುದೇ ಬೇಡ. ಆಗ್ಫಾ ಕ್ಲಿಕ್ 3ರಂಥ ಕ್ಯಾಮೆರಾಗಳ 120 ರೋಲಿನಲ್ಲಿ 6×6 ಸೆಂ.ಮೀ.ನ 12 ಚಿತ್ರ ಬರುತ್ತಿದ್ದವು. ಮೂರು ಚಿತ್ರದ ಪಟ್ಟಿ ಸ್ಕ್ಯಾನರಿನ ಹೋಲ್ಡರಿಗೆ (ಫಿಲ್ಮು ಹಿಡಿಯುವ ಚೌಕಟ್ಟು) ಸರಿಯಾಗಿ ಕೂಡುತ್ತದೆ. ಪೆಟ್ಟಿಗೆಯ ಮೇಲೆ 6400 ಡಿಪಿಐ ಎಂದಿದ್ದರೂ 2400 ಮೀರಿದರೆ ಕಡತ ಉಬ್ಬುತ್ತದೆ ಹೊರತು ವಿವರ ಹೆಚ್ಚುವುದಿಲ್ಲ. 2400ಕ್ಕೇ ಚಿತ್ರದ ಒಂದು ಬದಿ ಸುಮಾರು 5300 ಪಿಕ್ಸೆಲ್, ಕಪ್ಪು-ಬಿಳುಪಿನ 16 ಬಿಟ್ ಟಿಫ್ ಕಡತ ಹತ್ತಿರಹತ್ತಿರ 55 ಎಂಬಿ. ಹೋಲ್ಡರಿನ ಎತ್ತರ ಹೊಂದಿಸಲು ಬರುವುದಿಲ್ಲ, ಸುರುಳಿಯಾದ ಫಿಲ್ಮು ಗಾಜಿಗೆ ತಾಗಿದರೆ ಕಾಮನಬಿಲ್ಲಿನಂಥ ಉಂಗುರ ಬೀಳುತ್ತವೆ. ಮೊದಲೇ ಒಂದು ವಾರ ಭಾರದ ಪುಸ್ತಕದಡಿ ಇಡಿ. ಸ್ಟುಡಿಯೋದವರ ದೊಡ್ಡ ಗಾಜಿನ ಪ್ಲೇಟು ಮಾತ್ರ ಇದರ ಬೆಳಕಿನ ಕಿಟಕಿಗೆ ಹಿಡಿಸುವುದಿಲ್ಲ.

ಡಿಜಿಟಲ್ ಐಸ್ ಎಂಬ ಧೂಳು ತೆಗೆಯುವ ಸೌಲಭ್ಯ ಬಣ್ಣದ ನೆಗೆಟಿವಿಗೆ ಚೆನ್ನ. ಕಪ್ಪು-ಬಿಳುಪಿಗೆ ಅದನ್ನು ಬಂದ್ ಮಾಡಿಬಿಡಿ. ಫಿಲ್ಮಿನ ಬೆಳ್ಳಿಯೇ, ಧೂಳು ಹುಡುಕುವ ಅದರ ಇನ್‌ಫ್ರಾರೆಡ್ ಕಿರಣವನ್ನು ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ತಿಳಿದು ಕೆರೆಯುತ್ತದೆ. ಬೆಳಗಾವಿ ಮಳೆಗಾಲದ ಬೂಷ್ಟು ಹಿಡಿದ ನೆಗೆಟಿವನ್ನು ಒದ್ದೆ ಬಟ್ಟೆಯಿಂದ ಒರೆಸುವುದೂ ಅಷ್ಟೇ ಅಪಾಯ: ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗಿ ಚಿತ್ರವೇ ಬಟ್ಟೆಗೆ ಬರುತ್ತದೆ. ಗಾಳಿ ಊದುವ ರಬ್ಬರ್ ಚೆಂಡು, ಮೆತ್ತನೆಯ ಕುಂಚ, ಒಣಹವೆಯ ದಿನ, ಇಷ್ಟೇ.

ಸ್ಕ್ಯಾನಾದ ಮೇಲೆ 'ಎಐ ಹೊಳಪು' ಕೊಡಿಸುವ ಆಸೆ ಹುಟ್ಟುತ್ತದೆ. ಮೂಲ ಟಿಫ್ ಮೇಲೆ ಅದನ್ನು ಮಾಡಲೇಬೇಡಿ. ಮುಖ ನುಣುಪಾಗುವುದು ಹಾಗಿರಲಿ, ವಿಮಾನದ ಮೈಮೇಲೆ ವಿಟಿ (ಭಾರತದ ವಿಮಾನಗಳ ಗುರುತು) ನಂತರ ಬರುವ ಮೂರು ನೋಂದಣಿ ಅಕ್ಷರಗಳನ್ನು ಅದು ಊಹಿಸಿ ಬರೆಯುತ್ತದೆ. ಎಫ್ ಹೋಗಿ ಇ ಆದರೆ ವಿಮಾನವೇ ಬೇರೆ. ಕಾಲ ಗುರುತಿಸಲು ಆಧಾರವೇ ಇಂಥ ವಿವರಗಳು. ಮೂಗು ಮೇಲೆತ್ತಿ ಬಾಲದ ಚಕ್ರದ ಮೇಲೆ ಕೂತಿದ್ದರೆ ಡಕೋಟಾ, ನೆಲಕ್ಕೆ ಸಮನಾಗಿ ನಿಂತು ರೆಕ್ಕೆ ಕೆಳಗಿದ್ದು ಎರಡು ಪ್ರೊಪೆಲ್ಲರ್ ಇದ್ದರೆ ಆವ್ರೋ ಇರಬಹುದು. ಇಂಡಿಯನ್ ಏರ್‌ಲೈನ್ಸ್ ಎಂಬ ಹೆಸರಿದ್ದರೆ 1953ಕ್ಕಿಂತ ಹಿಂದಿನದಲ್ಲ, ವಾಯುದೂತ್ ಇದ್ದರೆ 1981ರ ಈಚಿನದು. ಇಂಗ್ಲಿಷ್ ಬೋರ್ಡಿನಲ್ಲಿ 'ಬೆಳಗಾವಿ' ಎಂದಿದ್ದರೆ ಬಹುಮಟ್ಟಿಗೆ 2014ರ ನವೆಂಬರ್ ನಂತರದ್ದು, ಹಿಂದೆ ಹೊಸ ಟರ್ಮಿನಲ್ ಕಂಡರೆ 2017ರ ಈಚಿನದು.

ಫಿಲ್ಮಿನ ಮಂಕು ಬದಿ, ಹೊಳೆಯುವ ಬದಿ ಅದಲುಬದಲಾದರೆ ಬೋರ್ಡಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತವೆ. ಕಡತಕ್ಕೆ ಹೆಸರಿಡುವ ಮುನ್ನ ಅದನ್ನು ನೋಡಿಕೊಳ್ಳಿ. ಮನೆಯಲ್ಲಿರುವುದೆಲ್ಲ 35 ಎಂಎಂ ರೋಲುಗಳೇ ಆಗಿದ್ದರೆ ಈ ಯಂತ್ರಕ್ಕೆ ದುಡ್ಡು ಹಾಕಬೇಡಿ, ಮ್ಯಾಕ್ರೋ ಲೆನ್ಸಿನ ಕ್ಯಾಮೆರಾ ಇದಕ್ಕಿಂತ ಹೆಚ್ಚು ವಿವರ ತೆಗೆಯುತ್ತದೆ, ಅದೂ ಬೇಗ.