ಕಂಪನಿ ವಿಲೀನಕ್ಕೆ ಪಿ.ಜೆ. ಬಡಾವಣೆಯ ಕಂಪನಿ ಸೆಕ್ರೆಟರಿ ಆಫೀಸು: ಕೆಲಸ ಚೆನ್ನಾಗಿದೆ, ಖರ್ಚು ಮೊದಲೇ ಬರೆಸಿಕೊಳ್ಳಿ

ನಮ್ಮ ಮನೆಯವರದ್ದು ಎರಡು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳಿವೆ. ಒಂದು ಮೆಕ್ಕೆಜೋಳ ವ್ಯಾಪಾರದ್ದು, ಇನ್ನೊಂದು ಗೋದಾಮಿನದು. ಎರಡನ್ನೂ ಒಂದು ಮಾಡಲು ದಾವಣಗೆರೆಯ ಈ ಆಫೀಸಿಗೆ ಹೋದೆವು.

ಸಣ್ಣ ಕಂಪನಿಗಳಾದರೆ ಬೆಂಗಳೂರಿನ ಕಂಪನಿ ಕಾನೂನು ಟ್ರಿಬ್ಯೂನಲ್‌ಗೆ (ಎನ್‌ಸಿಎಲ್‌ಟಿ) ಅಲೆಯಲೇಬೇಕೆಂದಿಲ್ಲ. 2013ರ ಕಂಪನಿ ಕಾಯ್ದೆಯ 233ನೇ ಸೆಕ್ಷನ್‌ ಪ್ರಕಾರ ಕೇಂದ್ರ ಸರ್ಕಾರದ ರೀಜನಲ್ ಡೈರೆಕ್ಟರ್ ಹತ್ತಿರವೇ ಮುಗಿಸಬಹುದು, ಆದರೆ ಶೇ 90ರಷ್ಟು ಷೇರು ಇರುವವರು ಒಪ್ಪಬೇಕು. ಆಫೀಸಿನ ಕಂಪನಿ ಸೆಕ್ರೆಟರಿ ಮೇಡಂ ಒಂದು ಹಾಳೆಯಲ್ಲಿ ಪೆನ್ಸಿಲ್‌ನಿಂದ ಮನೆಯವರ ಹೆಸರು, ಎದುರಿಗೆ ಷೇರು ಬರೆದರು. ಚಿತ್ರದುರ್ಗದ ಅತ್ತೆಯ ಹೆಸರಿಗೆ ಸುತ್ತು ಹಾಕಿ, "ಇವರು ಬೇಡ ಅಂದ್ರೆ ಈ ದಾರಿ ಮುಚ್ಚಿತು, ಮೊದಲು ಮಾತಾಡಿ ಬನ್ನಿ" ಎಂದರು.

ಚಿಕ್ಕಪ್ಪನಿಗೆ ಬೇರೆಯೇ ಚಿಂತೆ. "ಒಪ್ಪಿಗೆ ಕೊಡೋದು ಸರ್ಕಾರ ಅಂದ್ರೆ, ನಾಳೆ ನಮ್ಮನ್ನ ಕೇಳದೇ ಯಾರ ಜೊತೆಗಾದರೂ ಸೇರಿಸಿಬಿಡಬಹುದಾ ಮೇಡಂ?"

ಸುಮ್ನೆ ಸಮಾಧಾನ ಹೇಳಿ ಕಳಿಸಬಹುದಿತ್ತು ಅಲ್ವಾ? ಅವರು ಕಾಯ್ದೆ ಪುಸ್ತಕ ತೆಗೆದು 237ನೇ ಸೆಕ್ಷನ್ ಓದಿದರು. ಸಾರ್ವಜನಿಕ ಹಿತಕ್ಕೆ ಅಗತ್ಯ ಅನಿಸಿದರೆ ಕೇಂದ್ರ ಸರ್ಕಾರ ಟ್ರಿಬ್ಯೂನಲ್ ಬಾಗಿಲು ತಟ್ಟದೆ, ಗೆಜೆಟ್ ಆದೇಶದಲ್ಲೇ ಕಂಪನಿಗಳನ್ನು ವಿಲೀನ ಮಾಡಬಹುದು. ಆದೇಶದ ಕರಡನ್ನು ಮೊದಲು ಆ ಕಂಪನಿಗಳಿಗೆ ಕಳಿಸಿ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಕೊಡಬೇಕು. ಆ ಸೆಕ್ಷನ್‌ನಲ್ಲಿ ಷೇರುದಾರರು ಟ್ರಿಬ್ಯೂನಲ್‌ಗೆ ಹೋಗಲು ಅವಕಾಶ ಇರುವುದು ವಿಲೀನದಿಂದ ನಷ್ಟವಾದರೆ ಸಿಗುವ ಪರಿಹಾರದ ಮೊತ್ತದ ಬಗ್ಗೆ ಮಾತ್ರ, ಅದೂ 30 ದಿನದೊಳಗೆ. ಇದು ಸರಿಯಲ್ಲ. ವಿಲೀನವೇ ತಪ್ಪು ಅನ್ನುವವರಿಗೂ ಅಲ್ಲಿ ವಾದ ಮಾಡಲು ಅವಕಾಶ ಇರಬೇಕಿತ್ತು.

ಸರಕು ವ್ಯಾಪಾರದ ಎಕ್ಸ್‌ಚೇಂಜ್ ಎನ್‌ಎಸ್‌ಇಎಲ್ ವಿಷಯವನ್ನೂ ಹೇಳಿದರು. 2013ರಲ್ಲಿ ಅಲ್ಲಿ ವ್ಯವಹಾರ ಮಾಡಿದವರಿಗೆ ಬರಬೇಕಿದ್ದ ಸುಮಾರು 5,600 ಕೋಟಿ ರೂಪಾಯಿ ಪಾವತಿ ನಿಂತುಹೋಯಿತು. 2016ರಲ್ಲಿ ಸರ್ಕಾರ 1956ರ ಹಳೆಯ ಕಂಪನಿ ಕಾಯ್ದೆಯ 396ನೇ ಸೆಕ್ಷನ್ ಬಳಸಿ ಅದನ್ನು ಮಾತೃ ಕಂಪನಿ 63 ಮೂನ್ಸ್ ಜೊತೆ ಸೇರಿಸಲು ಆದೇಶಿಸಿತು. ಬಾಂಬೆ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. 2019ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಕೆಲವರ ಬಾಕಿ ವಸೂಲಿಯನ್ನು ಸಾರ್ವಜನಿಕ ಹಿತ ಅನ್ನಲಾಗದು ಎಂದು ಆದೇಶ ರದ್ದು ಮಾಡಿತು. ದೊಡ್ಡ ಕಂಪನಿಯೇ ಮೂರು ವರ್ಷ ಹೋರಾಡಬೇಕಾಯಿತು, ನಮ್ಮಂಥವರಿಗೆ ಅಷ್ಟು ಶಕ್ತಿ ಎಲ್ಲಿದೆ?

ಆಫೀಸಿನ ಕೊರತೆ ಅಂದರೆ ಬಿಲ್ಲು. ಫೀಸು ಜಾಸ್ತಿ ಏನಲ್ಲ, ಆದರೆ ಸ್ಟಾಂಪ್ ಡ್ಯೂಟಿ ಬೇರೆ ಅಂತ ತಡವಾಗಿ ಹೇಳಿದರು. ಅತ್ತೆಗಾಗಿ ನೋಟಿಸಿನ ಕನ್ನಡ ಪ್ರತಿ ಕೇಳಿದೆವು, ಬೇಸರವಿಲ್ಲದೆ ಮಾಡಿಕೊಟ್ಟರು. ಹೋಗುವಾಗ ಷೇರುದಾರರ ರಿಜಿಸ್ಟರ್ ಜೊತೆ ಸಾಲ ಕೊಟ್ಟವರ ಪಟ್ಟಿಯನ್ನೂ ಒಯ್ಯಿರಿ. ಸಾಲದ ಮೊತ್ತದ ಹತ್ತರಲ್ಲಿ ಒಂಬತ್ತು ಭಾಗದವರ ಒಪ್ಪಿಗೆಯೂ ಬೇಕು, ನಮಗೆ ಬ್ಯಾಂಕಿನ ಪತ್ರ ಬರುವುದೇ ಎಲ್ಲಕ್ಕಿಂತ ತಡವಾಯಿತು.