ಆರ್‌ಸಿ 390ಗೆ ಆಲ್ಫಾ ಎಚ್1: ಬೆಳಗಾವಿ ಮಳೆಗೆ ಹೇಗಿದೆ?

ಬೆಳಗಾವಿಯಲ್ಲಿ ಟೈರ್ ಆರಿಸುವಾಗ ಮೊದಲು ಮಳೆ ನೆನಪಾಗಬೇಕು. ಜೂನ್ ಬಂತೆಂದರೆ ಖಾನಾಪುರ, ಚೋರ್ಲಾ ಘಾಟ್ ಕಡೆ ರಸ್ತೆ ಒಣಗೋದೇ ಅಪರೂಪ. ಹಾಗಾಗಿ ರೇಸ್ ಟ್ರ್ಯಾಕಿಗೆ ಅಂತ ಮಾಡಿರುವ, ಗೆರೆಗಳು ಕಡಿಮೆ ಇರುವ ಮೃದು ರಬ್ಬರಿನ ಟೈರ್‌ಗಳನ್ನು ಬಿಟ್ಟು, ನನ್ನ ಕೆಟಿಎಂ ಆರ್‌ಸಿ 390 ಬೈಕಿಗೆ ಅಪೊಲೊ ಕಂಪನಿಯ ಆಲ್ಫಾ ಎಚ್1 ಟೈರ್ ಹಾಕಿಸಿದೆ. ಮುಂದೆ 110/70, ಹಿಂದೆ 150/60 (ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ), ಎರಡೂ 17 ಇಂಚಿನ ರೇಡಿಯಲ್. ಬೈಕ್ ಜೊತೆ ಕಂಪನಿ ಕೊಡೋ ಅಳತೆಯೇ. ಹಿಂದೆ 160 ಹಾಕಿಸು, ಲುಕ್ ಬರುತ್ತೆ ಅಂತ ಗೆಳೆಯರು ಹೇಳೇ ಹೇಳುತ್ತಾರೆ. ಆದರೆ ರಿಮ್ ಇರೋದು 4 ಇಂಚು, ಜಾಸ್ತಿ ಅಗಲದ ಟೈರ್ ಅದರಲ್ಲಿ ಒತ್ತಿಕೊಂಡು ಆಕಾರ ಕೆಡುತ್ತದೆ, ತಿರುವಿನಲ್ಲಿ ಬೈಕ್ ವಾಲೋಕೆ ತಡ ಮಾಡುತ್ತದೆ. ಲುಕ್ ಇಟ್ಕೊಂಡು ಏನ್ ಮಾಡೋದು?

ಒಂದು ಅಂಗಡಿಯವರು ಹಳೇ ಸ್ಟಾಕ್ ದಾಟಿಸೋಕೆ ನೋಡಿದರು. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2221 ಅಂದ್ರೆ 2021ರ 22ನೇ ವಾರ ತಯಾರಾದದ್ದು. "ಹೊಸಾದ ಐತ್ರೀ ಸರ್, ಯಾರೂ ಓಡ್ಸಿಲ್ರಿ" ಅಂತ ವಾದ ಬೇರೆ! ಇನ್ನೊಂದು ಕಡೆ ಹೋದೆ. ಅಲ್ಲಿನ ಹುಡುಗ ಬಾಣದ ಗುರುತು ನೋಡಿ ದಿಕ್ಕು ಸರಿಯಾಗಿ ಕೂರಿಸಿ, ಕೇಳದೇನೇ ಬ್ಯಾಲೆನ್ಸಿಂಗ್ ಮಾಡಿ, ವಾಲ್ವ್ ಕೂಡ ಹೊಸದು ಹಾಕಿದ.

ಹೊಸ ಟೈರ್ ಸ್ವಲ್ಪ ಜಾರುತ್ತದೆ, ಮೊದಲ 150 ಕಿಲೋಮೀಟರ್ ಮೆಲ್ಲಗೆ ಓಡಿಸಿ. ಈಗ ಒದ್ದೆ ತಿರುವಿನಲ್ಲೂ ಹಿಡಿತ ಚೆನ್ನಾಗಿದೆ, ಕೊಲ್ಹಾಪುರ ಹೈವೇಯಲ್ಲಿ ಅಲುಗಾಟವಿಲ್ಲ. ಗುಂಡಿಗಳಲ್ಲಿ ಮಾತ್ರ ಬೆನ್ನಿಗೆ ಗೊತ್ತಾಗುತ್ತೆ. ಅದಕ್ಕೆ ಟೈರ್ ಏನು ಮಾಡೀತು, ಸ್ಪೋರ್ಟ್ಸ್ ಬೈಕಿನ ಸಸ್ಪೆನ್ಷನ್ನೇ ಗಟ್ಟಿ ಅಲ್ವಾ.